ಬಾಂಬೆ ಪ್ಲೇಗ್ 1896: ಜನರನ್ನು ತಡೆದರು, ಇಲಿಗಳನ್ನು?

ಹಳೇಬಂದರು:
1896ರ ಸೆಪ್ಟೆಂಬರಿನಲ್ಲಿ ಡಾ. ಅಕಾಸಿಯೊ ವಿಯೇಗಸ್ ಬಾಂಬೆಯ ಮಾಂಡ್ವಿಯಲ್ಲಿ ಪ್ಲೇಗ್ ಗುರುತಿಸಿದರು. ಆಮೇಲೆ ಹಡಗು ಹೊರಡುವ ಮುಂಚೆ ಖಲಾಸಿಗಳನ್ನೂ ಪ್ರಯಾಣಿಕರನ್ನೂ ವೈದ್ಯರು ತಪಾಸಣೆ ಮಾಡತೊಡಗಿದರು. ಆದರೂ ಡಿಸೆಂಬರಿಗೇ ಕರಾಚಿಯಲ್ಲಿ ಪ್ಲೇಗ್! ತಪಾಸಣೆಯಲ್ಲಿ ನೋಡುತ್ತಿದ್ದದ್ದೇನು? ಕಣ್ತಪ್ಪಿಸಿದ್ದೇನು?

ಉಗ್ರಾಣ:
ನೋಡುತ್ತಿದ್ದದ್ದು ಜ್ವರ, ಮತ್ತೆ ತೊಡೆಸಂದು, ಕಂಕುಳು, ಕುತ್ತಿಗೆಯಲ್ಲಿ ಗಡ್ಡೆ. ಪ್ಲೇಗ್ ಹರಡುವ ಇಲಿಚಿಗಟ ಹೆಚ್ಚಾಗಿ ಕಾಲಿಗೆ ಕಚ್ಚುವುದರಿಂದ ತೊಡೆಸಂದಿನ ಗಡ್ಡೆಯೇ ಜಾಸ್ತಿ. ಸೋಂಕು ತಗುಲಿದ ಮೇಲೆ ರೋಗ ಕಾಣಿಸಲು ಸಾಮಾನ್ಯವಾಗಿ 2ರಿಂದ 6 ದಿನ ಬೇಕು. ಕರಾಚಿ ಉಗಿಹಡಗಿಗೆ ಎರಡು ದಿನದ ದಾರಿ. ಹತ್ತುವಾಗಲೂ ಇಳಿಯುವಾಗಲೂ ಆಳು ಗಟ್ಟಿಮುಟ್ಟು, ಮಲಗುವುದು ಊರು ಸೇರಿದ ಮೇಲೆ. ಪ್ಲೇಗ್ ತಡೆಗೆ ದೇಶಗಳು ಮಾಡಿಕೊಂಡ 1897ರ ವೆನಿಸ್ ಒಪ್ಪಂದ 10 ದಿನದ ನಿಗಾ ಇಟ್ಟದ್ದು ಇದಕ್ಕೇ.

ಆದರೆ ಅಸಲು ದಾರಿ ಬೇರೆ. ಮಾಂಡ್ವಿ ಎಂದರೆ ಹಡಗುಕಟ್ಟೆಗೆ ಅಂಟಿಕೊಂಡ ದವಸದ ಗೋದಾಮುಗಳು. ಇಲಿ ಸತ್ತು ಮೈ ತಣ್ಣಗಾದೊಡನೆ ಚಿಗಟ ಇಳಿದು ಮೂಟೆ ಸೇರುತ್ತದೆ, ಮೂಟೆ ಹಡಗು ಸೇರುತ್ತದೆ. ಚಿಗಟದ ಪಾತ್ರವನ್ನು ಫ್ರೆಂಚ್ ವೈದ್ಯ ಸಿಮೋಂ 1898ರಲ್ಲಿ ಕರಾಚಿಯಲ್ಲೇ ತೋರಿಸಿದರೂ ಬಹಳ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮ ಕಡೆ ಮಾತ್ರ ಇಲಿ ಸತ್ತು ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಕಾರಣ ಗೊತ್ತಿರಲಿಲ್ಲ, ಮಾಡಿದ್ದು ಸರಿಯಾಗಿಯೇ ಇತ್ತು.

ಲಂಗರು:
ಇಲಿಗೆ ಹಡಗು ಕಟ್ಟುವ ಹಗ್ಗವೇ ಸೇತುವೆ. ಅದಕ್ಕೆ ಸುಮಾರು ಮೂರಡಿ ಅಗಲದ ತಗಡಿನ ಬಿಲ್ಲೆ ಸಿಕ್ಕಿಸುತ್ತಾರೆ. ಹಗ್ಗಕ್ಕೂ ಬಿಲ್ಲೆಗೂ ನಡುವೆ ಸಂದು ಉಳಿದರೆ ಅಷ್ಟೇ, ಇಲಿ ನುಸುಳುತ್ತದೆ. ಹಡಗಿನ ಮೈಗೆ ತೀರಾ ಹತ್ತಿರ ಕಟ್ಟಿದರೆ ಹಾರಿ ದಾಟುತ್ತದೆ. ಒಂದು ಹಗ್ಗಕ್ಕೆ ಹಾಕಿ ಪಕ್ಕದ್ದನ್ನು ಬಿಟ್ಟರೂ ಕೆಲಸ ಕೆಟ್ಟಿತು. ರಾತ್ರಿ ಹಡಗು ಹತ್ತಲು ಹಾಕಿದ ಹಲಗೆಯನ್ನು ಎತ್ತಿಡಬೇಕು.

ಹಳೇಬಂದರು:
ಒಳಗೇ ಸೇರಿಕೊಂಡ ಇಲಿಗಳಿಗೆ?

ಲಂಗರು:
ಆಗ ಗಂಧಕದ ಹೊಗೆ ಹಾಕುತ್ತಿದ್ದರು. ಸಾವಿರ ಘನ ಅಡಿಗೆ ಒಂದು ಪೌಂಡ್ ಗಂಧಕ ಸುಟ್ಟರೆ ಗಾಳಿಯಲ್ಲಿ ಹೆಚ್ಚುಕಮ್ಮಿ ಶೇ. 1 ಸಲ್ಫರ್ ಡೈಆಕ್ಸೈಡ್ ಅನಿಲ. ಮೂರು ಪೌಂಡ್ ಲೆಕ್ಕ ಹಾಕುವುದು ವಾಡಿಕೆಯಾಗಿತ್ತು. ಕಬ್ಬಿಣದ ಬಾಣಲೆಯನ್ನು ನೀರಿನ ತೊಟ್ಟಿಯೊಳಗಿಟ್ಟು, ಗಂಧಕದ ಮೇಲೆ ಸ್ಪಿರಿಟ್ ಸುರಿದು ಹೊತ್ತಿಸಿ, ಸಂದುಗಳಿಗೆಲ್ಲ ಕಾಗದ ಅಂಟಿಸಿ ಹಲವು ಗಂಟೆ ಬಿಡುತ್ತಿದ್ದರು. ಮೊದಲು ಸರಕು ಇಳಿಸಬೇಕಿತ್ತು, ಒತ್ತಾಗಿ ಪೇರಿಸಿದ ಮೂಟೆಗಳೊಳಕ್ಕೆ ಹೊಗೆ ಇಳಿಯುವುದಿಲ್ಲ. ಬಾಣಲೆಯಲ್ಲಿ ಇನ್ನೊಂದು ಕಷ್ಟ: ಆಮ್ಲಜನಕ ಕಡಿಮೆಯಾದರೆ ಬೆಂಕಿ ತಾನಾಗಿ ಆರುತ್ತದೆ. ಕ್ಲೇಟನ್ ಯಂತ್ರ ಅದಕ್ಕೇ ಗಂಧಕವನ್ನು ಹೊರಗೆ ಸುಟ್ಟು ಅನಿಲವನ್ನು ಒಳಕ್ಕೆ ನೂಕುತ್ತಿತ್ತು. ಬಣ್ಣದ ಬಟ್ಟೆ ಬಿಳಿಚುತ್ತದೆ, ಲೋಹ ಕರೆಗಟ್ಟುತ್ತದೆ. ಚೆನ್ನಾಗಿ ಗಾಳಿಯಾಡುವ ಮುನ್ನ ಒಳಗಿಳಿದವನಿಗೆ ಉಸಿರು ಕಟ್ಟುತ್ತದೆ. ಸತ್ತ ಇಲಿಗಳನ್ನು ಇಕ್ಕಳದಲ್ಲೇ ಎತ್ತಿ ಬಾಯ್ಲರ್ ಒಲೆಗೆ ಹಾಕುತ್ತಿದ್ದರು.

ಉಗ್ರಾಣ:
ಖಲಾಸಿಗಳಿಗೆ ಬ್ಯಾಕ್ಟೀರಿಯಾ ತಜ್ಞ ಹಾಫ್ಕಿನ್ ಅವರ ಪ್ಲೇಗ್ ಲಸಿಕೆಯೂ ಇತ್ತು. ಹಾಫ್ಕಿನ್ ಅದನ್ನು 1897ರ ಜನವರಿ 10ರಂದು ಮೊದಲು ತಮಗೇ ಚುಚ್ಚಿಕೊಂಡರು. ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಬಿಟ್ಟರೆ ಬ್ಯಾಕ್ಟೀರಿಯಾ ಅದರಡಿಯಿಂದ ಬಿಳಲಿನಂತೆ ಇಳಿಬಿದ್ದು ಬೆಳೆಯುತ್ತಿತ್ತು. ಅದನ್ನು 70 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ ಸಾಯಿಸಿದ್ದೇ ಲಸಿಕೆ. ಚುಚ್ಚಿದ ಮೇಲೆ ಜ್ವರ, ತೋಳು ಬಾವು ಸಾಮಾನ್ಯ. ಹಾಗಾಗಿ ಹಡಗು ಹತ್ತುವ ದಿನ ಚುಚ್ಚಿದರೆ ತಪಾಸಣೆಯ ವೈದ್ಯರಿಗೇ ಗೊಂದಲ.