"ಆಗಿ" ಬಂದಲ್ಲೆಲ್ಲ "ಲಿ" (-ly) ಹಾಕಬೇಕಾ? ಇಂಗ್ಲಿಷ್ ಆಡ್ವರ್ಬ್ ಬಗ್ಗೆ ಗೊತ್ತಿರೋರು ಹೇಳಿ

ಕೇಳಿದವರು, ವೈಟ್‌ಫೀಲ್ಡ್:
ಕನ್ನಡ ಮಾಧ್ಯಮದಲ್ಲಿ ಓದಿದ್ದು. ಈಗ ದಿನಾ ಇಂಗ್ಲಿಷ್‌ನಲ್ಲೇ ಮೇಲ್ ಬರೀಬೇಕು. "ಆಗಿ ಬಂದರೆ ಲಿ ಸೇರಿಸು" ಅನ್ನೋ ಸೂತ್ರ ಮಾತ್ರ ಗೊತ್ತು. ಆದರೆ "ದ ಸ್ಯಾರಿ ಲುಕ್ಸ್ ಬ್ಯೂಟಿಫುಲಿ" ತಪ್ಪಂತೆ. ಯಾಕೆ? ವಾಕ್ಯದಲ್ಲಿ ಆಡ್ವರ್ಬ್ ಎಲ್ಲಿ ಕೂರಬೇಕು ಅನ್ನೋದೂ ಗೊಂದಲ.

ಬಸವನಗುಡಿ, ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು:
ಆ ಸೂತ್ರ ಅರ್ಧ ಮಾತ್ರ ಸರಿ. "ನಿಧಾನವಾಗಿ ನಡೆ" ಅಂದಾಗ "ಆಗಿ" ನಡೆಯೋ ರೀತಿ ಹೇಳುತ್ತೆ, ಹಾಗಾಗಿ "ವಾಕ್ ಸ್ಲೋಲಿ". ಆದರೆ "ಕಾಫಿ ಬಿಸಿಯಾಗಿದೆ", "ಸೀರೆ ಚೆಂದವಾಗಿ ಕಾಣುತ್ತೆ" ಅನ್ನುವಾಗಲೂ ನಾವು "ಆಗಿ" ಅಂತೀವಿ. ಅಲ್ಲಿ ಹೇಳ್ತಿರೋದು ಕಾಫಿಯ ಗುಣ, ಸೀರೆಯ ಗುಣ. ಇಂಗ್ಲಿಷ್‌ಗೆ ಅಲ್ಲಿ ಬರೀ ಗುಣವಾಚಕ ಸಾಕು: "ದ ಕಾಫಿ ಈಸ್ ಹಾಟ್", "ದ ಸ್ಯಾರಿ ಲುಕ್ಸ್ ಬ್ಯೂಟಿಫುಲ್".

ಅನುಮಾನ ಬಂದಾಗ ಕ್ರಿಯಾಪದ ತೆಗೆದು "ಈಸ್" ಹಾಕಿ ನೋಡಿ. "ದ ಸ್ಯಾರಿ ಈಸ್ ಬ್ಯೂಟಿಫುಲ್": ಅರ್ಥ ಹೆಚ್ಚುಕಮ್ಮಿ ಉಳಿಯಿತು, "ಲಿ" ಬೇಡ. ಸ್ಮೆಲ್, ಟೇಸ್ಟ್, ಸೌಂಡ್, ಫೀಲ್, ಸೀಮ್ ಎಲ್ಲಕ್ಕೂ ಹೀಗೇ ನೋಡಬಹುದು. ಅದೇ "ಲುಕ್" ಕಣ್ಣಿಟ್ಟು ನೋಡೋ ಕೆಲಸವಾದಾಗ "ಶಿ ಲುಕ್ಡ್ ಕೇರ್‌ಫುಲಿ ಅಟ್ ದ ಬಿಲ್". ಇಲ್ಲಿ "ಈಸ್" ಹಾಕಿದರೆ ವಾಕ್ಯವೇ ನಿಲ್ಲಲ್ಲ, ಹಾಗಾಗಿ "ಲಿ" ಬೇಕು.

ಮಲ್ಲೇಶ್ವರ, ಕಾಪಿ ಎಡಿಟಿಂಗ್ ಕೆಲಸ:
ಜಾಗದ ವಿಷಯ ಹೇಳ್ತೀನಿ. ಕನ್ನಡದಲ್ಲಿ ಕ್ರಿಯಾವಿಶೇಷಣ (ಆಡ್ವರ್ಬ್) ಸಾಮಾನ್ಯವಾಗಿ ಕ್ರಿಯಾಪದಕ್ಕೆ ಅಂಟಿಕೊಂಡಿರುತ್ತೆ: "ಕನ್ನಡ ಚೆನ್ನಾಗಿ ಮಾತಾಡ್ತಾನೆ". ಅದೇ ಅಭ್ಯಾಸದಲ್ಲಿ "ಹಿ ಸ್ಪೀಕ್ಸ್ ವೆಲ್ ಕನ್ನಡ" ಅಂತ ಬರೆದುಬಿಡ್ತಾರೆ. ಇಂಗ್ಲಿಷ್‌ನಲ್ಲಿ ಕ್ರಿಯಾಪದಕ್ಕೂ ಕರ್ಮಕ್ಕೂ ನಡುವೆ ಅದನ್ನು ತೂರಿಸಬೇಡಿ. "ಹಿ ಸ್ಪೀಕ್ಸ್ ಕನ್ನಡ ವೆಲ್".

ಎರಡು ಮೂರು ಒಟ್ಟಿಗೆ ಬಂದರೆ ನಮ್ಮ ಕ್ರಮವನ್ನು ತಿರುಗಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತೆ. ನಾವು "ನಿನ್ನೆ ಮೀಟಿಂಗ್‌ನಲ್ಲಿ ಚೆನ್ನಾಗಿ ಮಾತಾಡಿದಳು" ಅಂತೀವಿ: ಕಾಲ, ಜಾಗ, ರೀತಿ. ಅವರದ್ದು ರೀತಿ, ಜಾಗ, ಕಾಲ: "ಶಿ ಸ್ಪೋಕ್ ವೆಲ್ ಅಟ್ ದ ಮೀಟಿಂಗ್ ಯೆಸ್ಟರ್‌ಡೇ".

ಆಲ್ವೇಸ್, ಆಫನ್, ಯೂಶುವಲಿ, ನೆವರ್ ಮಾತ್ರ ಬೇರೆ ಗುಂಪು. ಮುಖ್ಯ ಕ್ರಿಯಾಪದಕ್ಕೆ ಮುಂಚೆ, ಆದರೆ ಈಸ್, ಆಮ್, ಆರ್ ಆದಮೇಲೆ: "ಹಿ ಆಲ್ವೇಸ್ ಕಮ್ಸ್ ಲೇಟ್", "ಹಿ ಈಸ್ ಆಲ್ವೇಸ್ ಲೇಟ್". ಸಹಾಯಕ ಕ್ರಿಯಾಪದ ಇದ್ದರೆ ಅದರ ಬೆನ್ನಿಗೇ: "ಐ ಹ್ಯಾವ್ ನೆವರ್ ಸೀನ್ ಇಟ್".

ವಿಜಯನಗರ, ಸ್ಪೋಕನ್ ಇಂಗ್ಲಿಷ್ ಹೇಳಿಕೊಡುವವರು:
ಮೇಲ್ ಬರೆಯೋರಿಗೆ ನಿಜವಾಗಿ ಅಪಾಯ ಇರೋದು "ಹಾರ್ಡ್ಲಿ"ಯಲ್ಲಿ. "ಐ ವರ್ಕ್ಡ್ ಹಾರ್ಡ್ಲಿ" ಅಂದರೆ ಕಷ್ಟಪಟ್ಟೆ ಅಂತಾಗಲ್ಲ. "ಐ ಹಾರ್ಡ್ಲಿ ವರ್ಕ್ಡ್" ಅಂದರಂತೂ ಕೆಲಸ ಮಾಡಿದ್ದೇ ಕಮ್ಮಿ ಅಂತ ಒಪ್ಪಿಕೊಂಡ ಹಾಗೆ! ಬೇಕಾದ್ದು "ಐ ವರ್ಕ್ಡ್ ಹಾರ್ಡ್". "ಲೇಟ್ಲಿ" ಅಂದರೆ ತಡವಾಗಿ ಅಲ್ಲ, ಇತ್ತೀಚೆಗೆ. "ಫಾಸ್ಟ್ಲಿ" ಅನ್ನೋ ಪದ ಸರಿಯಾದ ಇಂಗ್ಲಿಷ್‌ನಲ್ಲಿ ಬಳಕೆಯಲ್ಲಿಲ್ಲ, "ಫಾಸ್ಟ್" ಸಾಕು.

ಇನ್ನೊಂದು, ಬೆಂಗಳೂರಿನ "ಓನ್ಲಿ". "ನಿನ್ನೆನೇ ಕಳಿಸಿದೆ" ಅನ್ನೋದರ "ಏ"ಯನ್ನು "ಯೆಸ್ಟರ್‌ಡೇ ಓನ್ಲಿ ಐ ಸೆಂಟ್" ಅಂತ ಹೊತ್ತುಕೊಂಡು ಹೋಗ್ತೀವಿ. ಇಲ್ಲಿನವರಿಗೆ ಅರ್ಥವಾಗುತ್ತೆ, ಹೊರಗಿನ ಕ್ಲೈಂಟ್ ತಬ್ಬಿಬ್ಬಾಗ್ತಾರೆ. ಅವರಿಗೆ "ಐ ಸೆಂಟ್ ಇಟ್ ಯೆಸ್ಟರ್‌ಡೇ" ಅಷ್ಟೇ ಬರೀರಿ. ಈಗಾಗಲೇ ಕಳಿಸಿಯಾಗಿದೆ ಅಂತ ಒತ್ತಿ ಹೇಳಬೇಕಿದ್ದರೆ "ಐ ಆಲ್‌ರೆಡಿ ಸೆಂಟ್ ಇಟ್ ಯೆಸ್ಟರ್‌ಡೇ".

ಕೇಳಿದವರು:
"ಈಸ್" ಹಾಕಿ ನೋಡೋದು ಚೆನ್ನಾಗಿದೆ ಸರ್. "ಫ್ರೆಂಡ್ಲಿ"ಯಲ್ಲಿ "ಲಿ" ಇದೆಯಲ್ಲ, "ಹಿ ಸ್ಪೋಕ್ ಫ್ರೆಂಡ್ಲಿ" ಅನ್ನಬಹುದಾ?

ಬಸವನಗುಡಿ, ಹೈಸ್ಕೂಲ್ ಇಂಗ್ಲಿಷ್ ಮೇಷ್ಟ್ರು:
ಇಲ್ಲಮ್ಮ. ಫ್ರೆಂಡ್ಲಿ, ಲವ್ಲಿ, ಲೋನ್ಲಿ ಮೂರೂ ಗುಣವಾಚಕಗಳೇ. "ಹಿ ಸ್ಪೋಕ್ ಇನ್ ಎ ಫ್ರೆಂಡ್ಲಿ ವೇ" ಅಂತ ಬರೀಬೇಕು.