ಅಪ್‌ಡೇಟ್: ಎರಡು ಹುಂಜಗಳ ಕಾದಾಟ

6 ಹೇಂಟೆಗೆ 2 ಹುಂಜ, ದಿನಾ ಕಾದಾಟ, ಹೇಂಟೆಗಳ ಬೆನ್ನಿನ ಪುಕ್ಕ ಕಿತ್ತುಹೋಗಿದೆ ಅಂತ ಕಳೆದ ತಿಂಗಳು ಅಂಕೋಲಾದಿಂದ ಕೇಳಿದ್ದೆ. ಒಂದು ಹುಂಜಕ್ಕೆ 8–10 ಹೇಂಟೆ ಬೇಕು ಅಂದಿದ್ರಿ. ಎಳೇ ಹುಂಜವನ್ನ ಶಿರಸಿಯ ಅಕ್ಕನ ಮನೆಗೆ ಕೊಟ್ವಿ, ಅಲ್ಲಿ ಹುಂಜವೇ ಇರ್ಲಿಲ್ಲ.

ಉಳಿದ ಹಿರೇ ಹುಂಜವನ್ನ ಈಗ ನೋಡ್ಬೇಕು! ನಿನ್ನೆ ತೆಂಗಿನ ಬುಡ ಕೆದರಿ ಗೆದ್ದಲು ಸಿಕ್ಕಿದ್ದೇ ‘ಕೊಕ್ ಕೊಕ್’ ಅಂತ ಹೇಂಟೆಗಳನ್ನ ಕರೀತು. ಕೊಕ್ಕಲ್ಲಿ ಎತ್ತಿ, ಕೆಳಗಿಟ್ಟು, ಮತ್ತೆ ಎತ್ತಿ ತೋರಿಸ್ತು. ತಾನು ಒಂದೂ ತಿನ್ಲಿಲ್ಲ. ಗಿಡುಗ ಕಂಡ್ರೆ ಕೂಗೇ ಬೇರೆ, ಎಲ್ಲವೂ ಕಟ್ಟಿಗೆ ರಾಶಿ ಹಿಂದೆ ಓಡ್ತವೆ.

ಕರಿ ಹೇಂಟೆಯ ಬೆನ್ನಲ್ಲಿ, ಬುಡಸಮೇತ ಕಿತ್ತುಹೋದ ಕಡೆ, ಹೊಸ ಪುಕ್ಕ ಮೂಡ್ತಿದೆ. ಅರ್ಧ ಮುರಿದ ಪುಕ್ಕ ಮಾತ್ರ ಗರಿ ಉದುರೋ ಕಾಲದವರೆಗೆ ಹಾಗೇ. ನಿಮಗೆಲ್ಲ ತುಂಬಾ ಉಪಕಾರ ಆಯ್ತು.