ಮೊದಲ ಗ್ಲೈಡರ್: ಮೋಟರ್ ಇರುವುದೋ, ಬಂಜಿಯದೋ?

ಪ್ರಶ್ನೆ: ಬೆಂಗಳೂರಿನ ಹೊರಗೆ ಒಣ ಕೆರೆಯಂಗಳದಲ್ಲಿ ಮಾಡೆಲ್ ವಿಮಾನ ಹಾರಿಸುವ ಕ್ಲಬ್ಬೊಂದಕ್ಕೆ ಸೇರುತ್ತಿದ್ದೇನೆ. ರೇಡಿಯೊ ವಿಮಾನ ಹಾರಿಸಿ ಗೊತ್ತಿಲ್ಲ, ಕಲಿತರೆ ಗ್ಲೈಡರೇ ಕಲಿಯಬೇಕು ಅಂತಿದೆ. ಮೋಟರ್ ಇರುವುದು ಕೊಳ್ಳಲೋ, ಬಂಜಿಯಲ್ಲಿ, ಅಂದರೆ ರಬ್ಬರ್ ಟ್ಯೂಬಿನಲ್ಲಿ, ಎಳೆದು ಬಿಡುವುದೋ? ಹೊಸಬರು ಎಲ್ಲಿ ಎಡವುತ್ತಾರೆ?

ಕ್ಲಬ್ಬಿನಲ್ಲಿ ಕಲಿಸುವವರು:

ಮೋಟರ್ ಇರುವುದೇ ತಗೊಳ್ಳಿ. ಎರಡು ಮೀಟರ್ ರೆಕ್ಕೆ, ಇಪಿಒ ಫೋಮ್, ಮೂತಿಯಲ್ಲಿ ಮಡಚಿಕೊಳ್ಳುವ ಪ್ರೊಪೆಲರ್, ರೇಡಿಯನ್ ಅನ್ನುವ ಮಾಡೆಲ್ ಥರದ್ದು. ರಡರ್ (ಎಡಬಲ ತಿರುಗಿಸುವ ಬಾಲದ ಪಟ್ಟಿ), ಎಲಿವೇಟರ್ (ಮೂತಿ ಎತ್ತಿ ಇಳಿಸುವ ಬಾಲದ ಪಟ್ಟಿ), ಮೋಟರ್, ರೇಡಿಯೊದಿಂದ ನಡೆಸಲು ಮೂರೇ ಚಾನೆಲ್. ತುದಿಯ ಕಡೆ ರೆಕ್ಕೆ ಮೇಲಕ್ಕೆ ಬಾಗಿರುವುದರಿಂದ ಸ್ಟಿಕ್ ಬಿಟ್ಟರೆ ಹೆಚ್ಚಿನ ಸಲ ತಾನೇ ಸರಿಯಾಗುತ್ತದೆ. ಏಲರಾನ್ (ವಿಮಾನವನ್ನು ಓರೆ ಮಾಡುವ ರೆಕ್ಕೆಯ ಪಟ್ಟಿ) ಇರುವುದು ಎರಡನೆಯ ಮಾಡೆಲ್ ಆಗಲಿ. ಕೈಯಲ್ಲಿ ಸುತ್ತಿ ಎಸೆಯುವ ಡಿಎಲ್‌ಜಿ ಗ್ಲೈಡರ್ ನೋಡಲು ಚೆಂದ, ಆದರೆ ಕಲಿಯುವವರ ಕೈಗೆ ಅದು ದುಬಾರಿ ತೆಳು ಸಾಮಾನು.

ರೇಡಿಯೊ ಕೊಳ್ಳುವ ಮೊದಲು ಕ್ಲಬ್ಬಿನಲ್ಲಿ ಯಾವ ಕಂಪನಿಯದು ಹೆಚ್ಚು ಬಳಕೆಯಲ್ಲಿದೆ ಅಂತ ಕೇಳಿ. ಅದೇ ಇದ್ದರೆ ನಿಮ್ಮ ರೇಡಿಯೊವನ್ನು ಕಲಿಸುವವರ ರೇಡಿಯೊಗೆ ಜೋಡಿಸುವುದು ಸುಲಭ. ನೀವು ತಪ್ಪಿದ ಕೂಡಲೇ ಅವರು ಸ್ವಿಚ್ ಬಿಟ್ಟು ವಿಮಾನ ತಮ್ಮ ಕೈಗೆ ತಗೊಳ್ಳಬಹುದು. ಮೋಡ್ 2 ಇರಲಿ, ಅಂದರೆ ಮೋಟರ್ ಎಡಗೈ ಸ್ಟಿಕ್ಕಿನಲ್ಲಿ, ಎಲಿವೇಟರ್ ಬಲಗೈಯಲ್ಲಿ. ರಡರ್ ಸರ್ವೊ (ರಡರ್ ಆಡಿಸುವ ಪುಟ್ಟ ಮೋಟರ್) ವೈರನ್ನು ವಿಮಾನದೊಳಗಿನ ರಿಸೀವರಿನ ಏಲರಾನ್ ಸಾಕೆಟ್ಟಿಗೆ ಹಾಕಿ. ಆಗ ತಿರುಗಿಸುವ ಕೆಲಸವೆಲ್ಲ ಬಲಗೈ ಸ್ಟಿಕ್ಕಿಗೆ ಬರುತ್ತದೆ, ಮುಂದೆ ಏಲರಾನ್ ಮಾಡೆಲ್‌ಗೆ ಹೋದಾಗ ಅಭ್ಯಾಸ ಬದಲಿಸಬೇಕಿಲ್ಲ. ಎಕ್ಸ್‌ಪೊ (ಸ್ಟಿಕ್ ಸ್ವಲ್ಪ ಆಡಿಸಿದಾಗ ವಿಮಾನ ಮೆತ್ತಗೆ ಓಗೊಡುವ ಸೆಟ್ಟಿಂಗ್) 30% ಇಟ್ಟುಕೊಳ್ಳಿ.

ಮನೆಯಲ್ಲಿ ಪಿಕಾಸಿಮ್ ಸಿಮ್ಯುಲೇಟರ್ ಹಾಕಿಕೊಂಡು ಆಡಿ. ಉಚಿತವಾಗಿ ಸಿಗುತ್ತದೆ, ಗ್ಲೈಡರ್‌ಗೆಂದೇ ಚೆನ್ನಾಗಿದೆ. ಫೋನಿನ ಪರದೆ ಒತ್ತಿ ಆಡಿದರೆ ಬೆರಳಿಗೆ ಏನೂ ಬರುವುದಿಲ್ಲ; ನಿಮ್ಮ ರೇಡಿಯೊವನ್ನೇ ಕಂಪ್ಯೂಟರಿಗೆ ಜೋಡಿಸಿ. ವಿಮಾನ ನಿಮ್ಮ ಕಡೆಗೆ ಬರುವಾಗ ಎಡಬಲ ಅದಲುಬದಲಾಗುವುದನ್ನು ಅಲ್ಲೇ ರೂಢಿ ಮಾಡಿಕೊಳ್ಳಬೇಕು. ಯಾವ ರೆಕ್ಕೆ ಕೆಳಗಿದೆಯೋ ಸ್ಟಿಕ್ಕನ್ನು ಆ ಕಡೆಗೇ ತಳ್ಳಿ, ಬೀಳುವ ಚಪ್ಪರಕ್ಕೆ ಊರುಗೋಲು ಕೊಟ್ಟ ಹಾಗೆ.

ಹೊಸಬರ ಗ್ಲೈಡರ್ ಬೀಳುವುದು ಹೆಚ್ಚಾಗಿ ಎಲಿವೇಟರ್ ಸ್ಟಿಕ್ ತಮ್ಮ ಕಡೆ ಎಳೆದು ಮೂತಿ ಎತ್ತಿದ್ದರಿಂದ. ಗಾಳಿಯ ಜೊತೆ ಹೋಗುವಾಗ ನೆಲಕ್ಕೆ ಹೋಲಿಸಿ ವೇಗ ಜಾಸ್ತಿ ಕಾಣುತ್ತದೆ, ನಿಧಾನ ಮಾಡೋಣ ಅಂತ ಎಳೆಯುತ್ತಾರೆ, ರೆಕ್ಕೆಯ ಮೇಲೆ ಹರಿಯುವ ಗಾಳಿ ಸಾಲದೆ ಸ್ಟಾಲ್ ಆಗುತ್ತದೆ, ಅಂದರೆ ಎತ್ತುವ ಬಲ ತಪ್ಪಿ ಮೂತಿ ಬೀಳುತ್ತದೆ. ಇಳಿಯುವಾಗ ದೂರ ಉಳಿದುಬಿಟ್ಟರೂ ಅದೇ ತಪ್ಪು. ಎಳೆದರೆ ಹತ್ತಿರ ಬರುವುದಿಲ್ಲ, ಎದುರುಗಾಳಿಯಲ್ಲಿ ಮೂತಿ ಸ್ವಲ್ಪ ತಗ್ಗಿಸಿದರೇ ಮುಂದೆ ಬರುತ್ತದೆ. 20–30 ಸೆಕೆಂಡ್ ಮೋಟರ್ ಹಾಕಿ ಎತ್ತರಕ್ಕೆ ಹೋಗಿ, ಮೋಟರ್ ನಿಲ್ಲಿಸಿ, ಸ್ಟಿಕ್ ಪೂರ್ತಿ ಬಿಟ್ಟು ಅದು ಏನು ಮಾಡುತ್ತದೆ ನೋಡಿ. ನೂರು ಮೀಟರ್ ಎತ್ತರದಿಂದ ನಿಶ್ಚಲ ಗಾಳಿಯಲ್ಲಿ ಇಳಿಯಲು ಸುಮಾರು ಮೂರು ನಿಮಿಷ ಸಿಗುತ್ತದೆ, ಅಷ್ಟರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ.

ಕಟ್ಟುವ, ರಿಪೇರಿ ಮಾಡುವ ಕೆಲಸದವರು:

ಡಬ್ಬದಿಂದ ತೆಗೆದ ಕೂಡಲೇ ಹಾರಿಸಬೇಡಿ. ಬ್ಯಾಟರಿ ಹಾಕಿದ ಮೇಲೆ ಸಿಜಿ (ಹಿಂದುಮುಂದಿನ ತೂಕ ಸಮವಾಗುವ ಜಾಗ) ನೋಡಿ. ಕೈಪಿಡಿ ಹೇಳುವ ಜಾಗದಲ್ಲಿ, ಅಂದರೆ ರೆಕ್ಕೆಯ ಬುಡದಲ್ಲಿ ಮುಂದಂಚಿನಿಂದ ಅಗಲದ ಮೂರನೇ ಒಂದು ಭಾಗದ ಆಸುಪಾಸು, ಎರಡು ಬೆರಳಲ್ಲಿ ಎತ್ತಿದರೆ ಮಟ್ಟವಾಗಿ ಅಥವಾ ಮೂತಿ ತುಸು ತಗ್ಗಿ ನಿಲ್ಲಬೇಕು. ಬಾಲ ಭಾರವಾಗಿದ್ದರೆ ಮೊದಲ ಹಾರಾಟಕ್ಕೇ ಕಥೆ ಮುಗಿಯುತ್ತದೆ. ಬ್ಯಾಟರಿಯನ್ನು ಮುಂದೆ ಸರಿಸಿ, ಸಾಲದಿದ್ದರೆ ಮೂತಿಗೆ ಸೀಸ ಹಾಕಿ.

ಆಮೇಲೆ ಹಿಂದಿನಿಂದ ಒಂದು ಕಣ್ಣು ಮುಚ್ಚಿ ರೆಕ್ಕೆ ನೋಡಿ. ಎಡ ಬಲ ತುದಿಗಳ ತಿರುಚು ಒಂದೇ ಇರಬೇಕು. ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟ ಫೋಮ್ ರೆಕ್ಕೆ ಸೊಟ್ಟಗಾಗುತ್ತದೆ, ಆ ವಿಮಾನವನ್ನು ಎಷ್ಟು ಟ್ರಿಮ್ ಮಾಡಿದರೂ (ಸ್ಟಿಕ್ ಮುಟ್ಟದೆ ನೇರ ಹೋಗುವಂತೆ ರೇಡಿಯೊದ ಗುಂಡಿಯಲ್ಲಿ ಸರಿಪಡಿಸಿದರೂ) ಒಂದೇ ಕಡೆ ಎಳೆಯುತ್ತದೆ.

ಯಾರೂ ಹೇಳದ ಒಂದು ವಿಷಯ: ಇಎಸ್‌ಸಿಯಲ್ಲಿ (ಮೋಟರ್ ವೇಗ ನಿಯಂತ್ರಿಸುವ ಸರ್ಕ್ಯೂಟು) ಬ್ರೇಕ್ ಆನ್ ಮಾಡಿ. ಬ್ರೇಕ್ ಇಲ್ಲದಿದ್ದರೆ ಮೋಟರ್ ನಿಲ್ಲಿಸಿದರೂ ಪ್ರೊಪೆಲರ್ ಗಾಳಿಗೆ ತಿರುಗುತ್ತಲೇ ಇರುತ್ತದೆ, ಅಲಗು ಮಡಚಿಕೊಳ್ಳುವುದಿಲ್ಲ, ಗ್ಲೈಡರ್ ಕಲ್ಲಿನಂತೆ ಇಳಿಯುತ್ತದೆ. "ಈ ಮಾಡೆಲ್ ಗ್ಲೈಡ್ ಆಗೋದೇ ಇಲ್ಲ" ಅನ್ನುವವರದು ಎಷ್ಟೋ ಸಲ ಇದೇ ಸಮಸ್ಯೆ.

ಮೋಟರ್ ಇಲ್ಲದೆ, ಗಾಳಿಗೆದುರಾಗಿ, ಭುಜದ ಎತ್ತರದಿಂದ ಮಟ್ಟವಾಗಿ ಎಸೆದು ನೋಡಿ. ಏರಿ ನಿಂತು ಮೂತಿ ಬಿದ್ದರೆ ಡೌನ್ ಟ್ರಿಮ್ ಎರಡು ಕ್ಲಿಕ್. ಅದೇ ಮುಂದುವರಿದರೆ ಮತ್ತೆ ಸಿಜಿ ನೋಡಿ. 15–20 ಮೀಟರ್ ನೇರ ಹೋಗಿ ಹೊಟ್ಟೆ ಮೇಲೆ ಕೂತರೆ ಮೋಟರ್ ಹಾಕಬಹುದು.

ಮೂತಿ ಜಜ್ಜಿದರೆ ಕುದಿಯುವುದಕ್ಕೆ ಸ್ವಲ್ಪ ಮುಂಚಿನ ಬಿಸಿನೀರು ಹಾಕಿ, ಇಪಿಒ ಉಬ್ಬಿ ಬಹುಮಟ್ಟಿಗೆ ಮೊದಲಿನ ಆಕಾರಕ್ಕೆ ಬರುತ್ತದೆ. ಮುರಿದರೆ ಫೋಮ್‌ಗೆ ಆಗುವ ಸಿಎ (ಸೂಪರ್ ಗ್ಲೂ) ಅಂಟು. ಬಿಳಿ ಥರ್ಮೋಕೋಲಿಗೆ ಸಾಮಾನ್ಯ ಸಿಎ ಹಾಕಿದರೆ ಅದು ಕರಗುತ್ತದೆ.

ಬಂಜಿ ಪಕ್ಷದವರು:

ಮೋಟರ್ ಬೇಡ ಅಂತ ವಾದ ಮಾಡುವುದಿಲ್ಲ, ಆದರೆ ಬಂಜಿಯನ್ನು ಪಕ್ಕಕ್ಕೆ ತಳ್ಳಬೇಡಿ. 15 ಮೀಟರ್ ಲೇಟೆಕ್ಸ್ ಟ್ಯೂಬು, 60 ಮೀಟರ್ ನೈಲಾನ್ ದಾರ, ತುದಿಗೆ ರಿಂಗು, ರಿಂಗಿನ ಹತ್ತಿರ ಬಣ್ಣದ ಬಟ್ಟೆ. ಬಟ್ಟೆ ಗಾಳಿ ಹಿಡಿಯುವುದರಿಂದ ರಿಂಗ್ ಬಿಟ್ಟುಕೊಳ್ಳುವುದೂ ದಾರ ಬಿದ್ದ ಜಾಗ ಹುಡುಕುವುದೂ ಸುಲಭ. 800 ಗ್ರಾಂ ಗ್ಲೈಡರ್‌ಗೆ ಎರಡೂವರೆ–ಮೂರು ಕಿಲೋ ಎಳೆತ ಸಾಕು. ಲಗೇಜ್ ತೂಗುವ ಕೈತಕ್ಕಡಿಯಲ್ಲಿ ಅಳೆಯಿರಿ, ಅಂದಾಜು ಬೇಡ. ಗ್ಲೈಡರಿನ ಹೊಟ್ಟೆಯಲ್ಲಿ ರಿಂಗ್ ಸಿಕ್ಕಿಸುವ ಹುಕ್ ಸಿಜಿಗಿಂತ 5–10 ಮಿಲಿಮೀಟರ್ ಮುಂದೆ ಇರಲಿ. ಹಿಂದೆ ಹೋದರೆ ದಾರದ ಮೇಲೆ ಎಡಕ್ಕೂ ಬಲಕ್ಕೂ ಓಲಾಡಿ ನೆಲಕ್ಕೆ ಬರುತ್ತದೆ, ತೀರಾ ಮುಂದಿದ್ದರೆ ಮೇಲೇರುವುದಿಲ್ಲ. ಟ್ಯೂಬಿನ ತುದಿ ಕಟ್ಟುವ ಗೂಟವನ್ನು ಎಳೆತಕ್ಕೆ ಎದುರಾಗಿ ಓರೆ ಹೊಡೆಯಿರಿ. ಕೆರೆಯ ಎರೆಮಣ್ಣು ಒಣಗಿ ಬಿರಿದ ಕಡೆ ಗೂಟ ಕಿತ್ತು ಬರುತ್ತದೆ. ಕಿತ್ತ ಗೂಟ ನಿಮ್ಮತ್ತಲೇ ಹಾರುತ್ತದೆ.

ಸಿಗುವ ಎತ್ತರ ಕಡಿಮೆ, ಹಾರಾಟ ಒಂದೆರಡು ನಿಮಿಷ. ಆದರೆ ಪ್ರತಿ ಹಾರಾಟಕ್ಕೂ ಒಂದು ಇಳಿತ, ಮೋಟರ್ ಹಾಕಿ ತಪ್ಪಿಸಿಕೊಳ್ಳುವ ದಾರಿ ಇಲ್ಲ. ಇಳಿಸುವುದು ಬೇಗ ಬರುವುದು ಇದರಲ್ಲೇ.

ಕ್ಲಬ್ಬಿನಲ್ಲಿ ಕಲಿಸುವವರೇ ಮತ್ತೆ:

ಇಳಿಸುವುದರ ಬಗ್ಗೆ ಒಪ್ಪಿದೆ, ಹಾಗಾಗಿ ಎರಡನೇ ತಿಂಗಳಿಗೆ ಬಂಜಿ. ಮೋಟರ್ ಇದ್ದರೂ 30 ಮೀಟರ್ ಎತ್ತರದಲ್ಲೇ ಇಳಿಯುವ ಸುತ್ತು ಶುರು ಮಾಡಿ, 10 ಮೀಟರಿಗಿಂತ ಕೆಳಗೆ ತಿರುವು ಬೇಡವೇ ಬೇಡ. ರೆಕ್ಕೆ ಮಟ್ಟ ಇಟ್ಟುಕೊಂಡು ಎದುರಿಗೆ ಎಲ್ಲಿ ಸಿಗುತ್ತದೋ ಅಲ್ಲಿ ಇಳಿಸಿ; ನಡೆದು ಹೋಗಿ ತಂದರಾಯಿತು.

ಥರ್ಮಲ್ (ಬಿಸಿಯಾಗಿ ಮೇಲೇಳುವ ಗಾಳಿ) ಹುಡುಕುವವರು:

ನವೆಂಬರ್‌ನಿಂದ ಫೆಬ್ರವರಿ, ಮಂಜು ಕರಗಿದ ಮೇಲೆ ಒಂಬತ್ತರವರೆಗೆ ಕಲಿಯಲು ಹೇಳಿಮಾಡಿಸಿದ ಹೊತ್ತು. ಮಾರ್ಚ್–ಏಪ್ರಿಲ್ ನಡುಹಗಲಲ್ಲಿ ಥರ್ಮಲ್ ಜೋರು, ಹೊಸಬರ ಕೈಗೆ ಒರಟು. ಜೂನ್‌ನಿಂದ ಆಗಸ್ಟ್‌ವರೆಗೆ ಪಡುವಣ ಗಾಳಿ ಬಿಡುವುದಿಲ್ಲ, ಸಿಮ್ಯುಲೇಟರೇ ಗತಿ. ಹದ್ದು ರೆಕ್ಕೆ ಬಡಿಯದೆ ಸುತ್ತುತ್ತ ಏರುತ್ತಿದ್ದರೆ ಅಲ್ಲಿ ಥರ್ಮಲ್ ಇದೆ. ನಿಮ್ಮ ಗ್ಲೈಡರಿನ ಒಂದು ರೆಕ್ಕೆ ತಾನಾಗಿ ಎದ್ದರೆ ಎದ್ದ ಕಡೆಗೇ ತಿರುಗಿಸಿ. ಥರ್ಮಲ್ ಗಾಳಿಯ ಜೊತೆ ತೇಲುತ್ತದೆ, ಅದರ ಹಿಂದೆ ಹೋದವರು ನೀಲಗಿರಿ ತೋಪಿನಾಚೆ ಇಳಿಸುತ್ತಾರೆ. ಗ್ಲೈಡರ್ ಯಾವಾಗಲೂ ನಿಮ್ಮಿಂದ ಗಾಳಿ ಬರುವ ದಿಕ್ಕಿಗೇ ಇರಲಿ.

ಇನ್ನೊಬ್ಬರು, ಚುಟುಕಾಗಿ:

2021ರ ಡ್ರೋನ್ ನಿಯಮಗಳು ಮಾಡೆಲ್‌ಗೂ ಅನ್ವಯ. ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಜಾಗ ಹಸಿರು (ಮುಂಚೆ ಅನುಮತಿ ಬೇಡದ) ವಲಯವೇ ನೋಡಿ. ಅಲ್ಲಿ ಮಿತಿ 400 ಅಡಿ, ವಿಮಾನ ನಿಲ್ದಾಣದಿಂದ 8–12 ಕಿಲೋಮೀಟರ್ ಪಟ್ಟಿಯಲ್ಲಿ 200 ಅಡಿ. ಮೊದಲು ರೇಡಿಯೊ ಆನ್, ಆಮೇಲೆ ವಿಮಾನ, ಮುಗಿಸುವಾಗ ತಿರುಗುಮುರುಗು. ಫೇಲ್‌ಸೇಫ್‌ನಲ್ಲಿ (ರೇಡಿಯೊ ಸಂಪರ್ಕ ತಪ್ಪಿದಾಗ) ಮೋಟರ್ ಆಫ್ ಆಗುತ್ತದೆಯೇ ಅಂತ ಪ್ರೊಪೆಲರ್ ಕಳಚಿ ಪರೀಕ್ಷಿಸಿ. 1300 ಎಂಎಎಚ್ ಲೈಪೊ ಬ್ಯಾಟರಿಗೆ 1.3 ಆಂಪ್ ಚಾರ್ಜ್, ವಾರಗಟ್ಟಲೆ ಇಡುವುದಾದರೆ ಸೆಲ್‌ಗೆ 3.8 ವೋಲ್ಟ್.